ರಿಮೋಟಿಗೆ ಹಚ್ಚಿದ ಕುಂಕುಮ

"ಮೌಶೀ, ಇಸ್ ಮೇ ಕ್ಯಾ ಡಾಲಾ ಆಪ್ ನೇ?"

ಠಾಣೆ ಸ್ಟೇಷನ್ನಿನ ಎದುರಿನ ಗಲ್ಲಿಯಲ್ಲಿ ಮೊಬೈಲು, ಇಯರ್‌ಫೋನು, ವಿಡಿಯೊ ಗೇಮು ಎಲ್ಲ ರಿಪೇರಿ ಮಾಡುವ ಒಂದು ಸಣ್ಣ ಅಂಗಡಿ ಉಂಟು. ಅದರ ಯಜಮಾನ ನಮ್ಮ ವಿಡಿಯೊ ಗೇಮಿನ ರಿಮೋಟನ್ನು ನನ್ನ ಮುಂದೆಯೇ ಬಿಚ್ಚಿ, ಮಗುಚಿ, ಬಿಳಿ ಬಟ್ಟೆಯ ಮೇಲೆ ಕುಟ್ಟಿದ. ಕೆಂಪು ಪುಡಿ ಉದುರಿತು. ಅದರ ಹಿಂದೆಯೇ ಒಂದು ಅಕ್ಕಿಕಾಳು. ಅವನು ಚಿಮಟಿಗೆಯಲ್ಲಿ ಆ ಕಾಳನ್ನು ಎತ್ತಿ ಬೆಳಕಿಗೆ ಹಿಡಿದು ನನ್ನ ಮುಖ ನೋಡಿದ.

"ಪೂಜಾ ಕಿಯಾ ಥಾ," ಎಂದೆ.

"ರಿಮೋಟ್ ಕಾ?"

"ಹಾಂ."

ಅವನು ನಕ್ಕ ನಗು ಪಕ್ಕದ ಚಪ್ಪಲಿ ಅಂಗಡಿಯವರೆಗೆ ಕೇಳಿರಬೇಕು. ಆದದ್ದು ಇಷ್ಟೇ. ಆಯುಧಪೂಜೆಯ ದಿನ ನಮ್ಮಲ್ಲಿ ಕೆಲಸ ಮಾಡಿಕೊಡುವ ಸಾಮಾನುಗಳನ್ನೆಲ್ಲ ದೇವರ ಮುಂದೆ ಇಟ್ಟು ಪೂಜೆ ಮಾಡುವುದು ಪದ್ಧತಿ. ಚಾಕು, ತೆಂಗಿನಕಾಯಿ ತುರಿಯುವ ಮಣೆ, ಮಿಕ್ಸಿ, ಮಗಳ ಲ್ಯಾಪ್‌ಟಾಪು, ಸ್ಕೂಟರಿನ ಕೀ. ಈ ವರ್ಷ ನಡುವಿನ ಪೀಠ ನಾನು ಕೊಟ್ಟದ್ದು ವಿಡಿಯೊ ಗೇಮಿನ ರಿಮೋಟಿಗೆ. ಬೇರೆಯವರಿಗೆಲ್ಲ ಒಂದು ಚಿಟಿಕೆ ಕುಂಕುಮವಾದರೆ ಅದಕ್ಕೆ ಮೂರು ಬೆರಳಿನ ತುಂಬ. ಭಕ್ತಿ ಹೆಚ್ಚಾಯಿತು ನೋಡಿ. ಕುಂಕುಮ ಹೋಗಿ ಹೆಬ್ಬೆರಳಲ್ಲಿ ತಿರುಗಿಸುವ ಆ ಗುಂಡಿಯ ಬುಡದಲ್ಲಿ ಕೂತಿತು, ಅಕ್ಷತೆಯೂ ಜೊತೆಗೆ ಸೇರಿತು. ಮರುದಿನ ಆಟ ಹಾಕಿದರೆ ಟಿವಿಯೊಳಗಿನ ನಮ್ಮ ಅಡುಗೆಯವ ಯಾರೂ ಹೇಳದೆ ಎಡಕ್ಕೇ ನಡೆದು ಗೋಡೆಗೆ ತಲೆ ಕೊಟ್ಟು ನಿಂತ.

ಮಗಳು ಶ್ರಾವ್ಯ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಯಾಕೆಂದರೆ ಆ ರಿಮೋಟು ಕೈಯಲ್ಲಿ ಇದ್ದರೆ ಮಾತ್ರ ನಮ್ಮನೆಯವರ ಬಾಯಿಂದ ಮಾತು ಬರುತ್ತಿತ್ತು. ತಿಂಗಳುಗಟ್ಟಲೆ ಸೊಲ್ಲೇ ಇಲ್ಲದೆ ಕೂತಿದ್ದ ಮನುಷ್ಯನಿಗೆ ಮಾತು ಕೊಟ್ಟ ಸಾಮಾನನ್ನು ನಾನೇ ಕೈಯಾರೆ ಪೂಜೆ ಮಾಡಿ ಕೆಡಿಸಿದ್ದೆ. "ಚಾರ್ ದಿನ್ ಬಾದ್ ಆವೋ, ದೇಖತಾ ಹೂಂ," ಎಂದ ಅಂಗಡಿಯವ. 

ಇರಲಿ, ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ನಮ್ಮ ಡೊಂಬಿವಲಿಯ ಕನ್ನಡ ಸಂಘದ ಕಾರ್ಯದರ್ಶಿ ಪಾಟೀಲರು ವಿಜಯಪುರದ ಕಡೆಯವರು. ಪ್ರತಿವರ್ಷ ಸಂಘದ ವಿಶೇಷಾಂಕಕ್ಕೆ ನನ್ನ ಬೆನ್ನು ಹತ್ತುತ್ತಾರೆ. "ಅಕ್ಕಾರ, ಈ ವರ್ಷ ನೀವು ಓದಿದ ಪುಸ್ತಕದ ಬಗ್ಗೆ ಒಂದ್ ನಾಕ್ ಪುಟ ಬರದ್ ಕೊಡ್ರಿ." ನಾನು ಸಂಘದ ಲೈಬ್ರರಿಯಿಂದ ಪುಸ್ತಕ ತೆಗೆದುಕೊಂಡು ಹೋಗುವವರ ಪೈಕಿ ಒಬ್ಬಳು, ವಾಪಸು ಕೊಡುವವರ ಪೈಕಿ ಅಲ್ಲ. ಆ ಕಾರಣಕ್ಕೇ ನನಗೆ ಓದುಗಾರ್ತಿ ಎಂಬ ಹೆಸರು ಬಂದುಬಿಟ್ಟಿದೆ. ಈ ವರ್ಷ ಅವರ ಫೋನು ಬಂದಾಗಲೆಲ್ಲ ಕುಕ್ಕರು ಕೂಗುತ್ತಿದೆ, ರೈಲಿನಲ್ಲಿದ್ದೇನೆ, ಕೇಳ್ತಾ ಇಲ್ಲ ಎಂದು ತಪ್ಪಿಸಿಕೊಂಡೆ. ಓದಿದ್ದರಲ್ಲವೇ ಬರೆಯುವುದು! ಕಳೆದ ವರ್ಷದ ಚೌತಿಯಿಂದ ಈಚೆಗೆ ನಾನು ಓದಿದ್ದು ಔಷಧದ ಪಟ್ಟಿಯ ಹಿಂಬದಿ ಮಾತ್ರ. ಉಳಿದ ಹೊತ್ತೆಲ್ಲ ಈ ವಯಸ್ಸಿಗೆ ಎರಡು ಕನ್ನಡಕ ಬದಲಾಯಿಸಿಕೊಂಡು ವಿಡಿಯೊ ಗೇಮು ಆಡಿದ್ದೇನೆ. ಇದನ್ನು ಪಾಟೀಲರಿಗೆ ಹೇಳುವುದು ಹೇಗೆ? ಆದರೆ ಯಾರೋ ಹೇಳಿಬಿಟ್ಟರು. "ಹಂಗಾರ ಆ ಆಟದ್ದೇ ಬರೀರಿ," ಎಂದು ಅಪ್ಪಣೆಯಾಗಿದೆ. ಚಾಡಿ ಹೇಳಿದವರು ಯಾರೆಂದು ಕೊನೆಗೆ ಹೇಳುತ್ತೇನೆ, ಅದನ್ನು ಹೇಳಲಿಕ್ಕೆಂದೇ ಇಷ್ಟೆಲ್ಲ ಬರೆಯುತ್ತಿರುವುದು.

ನಮ್ಮನೆಯವರ ಹೆಸರು ಶ್ರೀನಿವಾಸ. ಊರಲ್ಲೂ ಇಲ್ಲೂ ಎಲ್ಲರಿಗೂ ಶೀನಣ್ಣ. ಕಾರ್ಕಳದ ಕಡೆಯಿಂದ ಬಂದು ಠಾಣೆಯ ಒಂದು ಉಡುಪಿ ಹೋಟೆಲಿನಲ್ಲಿ ಟೇಬಲ್ ಒರೆಸುವಲ್ಲಿಂದ ಶುರುಮಾಡಿ ಮ್ಯಾನೇಜರ್ ಆದವರು. ಮ್ಯಾನೇಜರ್ ಆದರೂ ಗಲ್ಲಾಪೆಟ್ಟಿಗೆಯ ಹಿಂದೆ ಕೂರಲಿಕ್ಕೆ ಅವರಿಗೆ ಆಗುತ್ತಿರಲಿಲ್ಲ. ಅಡುಗೆಮನೆಯ ಕಿಂಡಿಯ ಪಕ್ಕ ನಿಂತು ಆರ್ಡರ್ ಕೂಗುವುದೇ ಅವರ ಜೀವ. "ಏಕ್ ಸಾದಾ, ಕಡಕ್! ದೋ ಇಡ್ಲೀ, ಸಾಂಬಾರ್ ಅಲಗ್! ಏಕ್ ಮೆದುವಡಾ ಪಾರ್ಸೆಲ್, ಲಾವ್!" 'ತಾ' ಎಂಬರ್ಥದ ಆ 'ಲಾವ್' ಎನ್ನುವುದನ್ನು ಎಳೆಯುವ ಕ್ರಮ ಒಂದಿತ್ತು. ಸ್ಟೇಷನ್ನಿನ ಅನೌನ್ಸ್‌ಮೆಂಟನ್ನೂ ದಾಟಿ ಹೋಗುತ್ತಿತ್ತು ಎಂದು ಹೋಟೆಲಿನ ಹುಡುಗರು ಹೇಳುತ್ತಿದ್ದರು.

ನನ್ನನ್ನು ನೋಡಲಿಕ್ಕೆ ಬಂದ ದಿನ ಈ ಮನುಷ್ಯ ಬಾಯಿಯೇ ಬಿಚ್ಚಿರಲಿಲ್ಲ. "ಹುಡುಗ ಭಾರೀ ಮೆದು," ಎಂದು ನಮ್ಮ ಅಮ್ಮನಿಗೆ ಸಂತೋಷವೋ ಸಂತೋಷ. ಮದುವೆಯಾಗಿ ಇಲ್ಲಿಗೆ ಬಂದ ಹೊಸತರಲ್ಲಿ ಒಂದು ದಿನ ಹೋಟೆಲಿಗೆ ಕರೆದುಕೊಂಡು ಹೋಗಿ ಫ್ಯಾಮಿಲಿ ರೂಮಿನಲ್ಲಿ ಕೂರಿಸಿ, "ಈಗ ಬಂದೆ" ಎಂದು ಹೋದರು. ಮರುಕ್ಷಣ ಹೊರಗಿಂದ ಆ ಕೂಗು ಬಂತು. ನಾನು ಬೆಚ್ಚಿಬಿದ್ದು ನೀರಿನ ಲೋಟ ಕೆಡವಿದೆ. ಇದು ನನ್ನ ಗಂಡನ ಸ್ವರ ಎಂದು ನಂಬಲಿಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಮನೆಗೆ ಬಂದರೆ ಪುನಃ ಮೆದು. ಇಡೀ ದಿನ ಕೂಗಿದ ಗಂಟಲು ಮನೆಯಲ್ಲಿ ವಿಶ್ರಾಂತಿ ಕೇಳುತ್ತಿತ್ತೋ ಏನೋ. "ನಿಮ್ಮ ಮಾತೆಲ್ಲ ಗಿರಾಕಿಗಳಿಗೇ, ನನಗೆ ಬರೀ ಮೌನ," ಎಂದು ಎಷ್ಟು ಸಲ ಜಗಳ ತೆಗೆದಿದ್ದೇನೆಂದು ಲೆಕ್ಕವಿಲ್ಲ.

ಕಳೆದ ವರ್ಷ ಚೌತಿ ಮುಗಿದ ಮೇಲೆ ಒಂದು ಬೆಳಿಗ್ಗೆ ಚಹಾದ ಲೋಟ ಅವರ ಕೈಯಿಂದ ಜಾರಿತು. ಎಂತ ಆಯ್ತು ಎಂದು ಕೇಳಿದರೆ ಬಾಯಿ ಒಂದು ಕಡೆಗೆ ಹೋಗಿತ್ತು. ಆಸ್ಪತ್ರೆ, ಸ್ಕ್ಯಾನು, ಅದೆಲ್ಲ ಬೇಡ. ಜೀವಕ್ಕೆ ಅಪಾಯವಿಲ್ಲ ಎಂದರು. ಕಾಲು ಬೇಗ ಬಂತು. ಬಲಗೈಯ ಬೆರಳು ನಿದ್ದೆ ಹೋಗಿತ್ತು. ಮಾತು ಮಾತ್ರ ಬರಲಿಲ್ಲ. ಬಂದದ್ದು ಒಂದೇ ಒಂದು: "ಆವು ಆವು."

ನಾವು ಮನೆಯಲ್ಲಿ ತುಳು ಮಾತಾಡುವವರು. 'ಆವು' ಎಂದರೆ ಆಯಿತು, ಆಗಲಿ ಎಂದು ಅರ್ಥ. ಊಟ ಮಾಡ್ತೀರಾ? ಆವು ಆವು. ತಲೆ ನೋಯ್ತದಾ? ಆವು ಆವು. ಹೋಟೆಲಿನ ಹುಡುಗರು ಇಡ್ಲಿ ಪಾರ್ಸೆಲ್ ಹಿಡಿದುಕೊಂಡು ನೋಡಲಿಕ್ಕೆ ಬಂದು, "ಶೀನಣ್ಣಾ, ಯಾವಾಗ ಬರ್ತೀರಿ ಡ್ಯೂಟಿಗೆ?" ಎಂದರೆ ಅದಕ್ಕೂ ಆವು ಆವು. ಹುಡುಗರು ಪಾರ್ಸೆಲ್ ಮೇಜಿನ ಮೇಲಿಟ್ಟು ಹೊರಟರು. ಇವರಿಗೆ ಒಳಗೆ ಎಲ್ಲ ಅರ್ಥವಾಗುತ್ತಿತ್ತು, ಅದು ಕಣ್ಣಲ್ಲೇ ಕಾಣುತ್ತಿತ್ತು. ಹೇಳಬೇಕಾದದ್ದು ಬಾಗಿಲವರೆಗೆ ಬಂದು ಬೇರೆಯೇ ವೇಷ ಹಾಕಿ ಹೊರಗೆ ಬರುತ್ತಿತ್ತು. ಅವರಿಗೂ ಅದು ಕೇಳಿಸಿ, ತಾನು ಹೇಳಿದ್ದು ಅದಲ್ಲ ಎಂದು ತಲೆ ಅಲ್ಲಾಡಿಸುತ್ತಿದ್ದರು.

ನನ್ನ ಆಫೀಸು ರಬಾಳೆಯಲ್ಲಿ. ಡೊಂಬಿವಲಿಯಿಂದ ಠಾಣೆ, ಅಲ್ಲಿ ಗಾಡಿ ಬದಲಿಸಿ ರಬಾಳೆ. ಹೆಂಗಸರ ಡಬ್ಬಿಯಲ್ಲಿ ದಿನಾ ಸಿಗುವ ಮಂಗಲಾತಾಯಿಗೆ ವಿಷಯ ಪೂರ್ತಿ ಗೊತ್ತಿಲ್ಲದಾಗ ಒಮ್ಮೆ, "ನಮ್ಮವರು ಈಗ ಎಂತ ಹೇಳಿದರೂ ಹ್ಞೂಂ ಅಂತಾರೆ," ಎಂದೆ. "ನವರಾ ಕಾಯಮ್ ಹೋ ಮ್ಹಣತೋ? ಕಾಯ ಗಂ ನಶೀಬ ತುಝಂ!" ಗಂಡ ಯಾವಾಗಲೂ ಹ್ಞೂಂ ಅನ್ನುವುದೆಂದರೆ ಎಂಥ ಅದೃಷ್ಟ ನಿನ್ನದು ಎಂದು ಇಡೀ ಡಬ್ಬಿಗೆ ಕೇಳುವಂತೆ ಹೇಳಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಫೀಸಿಗೆ ಹೋಗಿ ಬಾತ್‌ರೂಮಿನ ಚಿಲಕ ಹಾಕಿ ಅತ್ತೆ. ಎಲ್ಲದಕ್ಕೂ ಒಪ್ಪುವ ಗಂಡನನ್ನು ದೇವರು ಶತ್ರುವಿಗೂ ಕೊಡಬಾರದು ಮಾರಾಯ್ರೇ.

ಕಲ್ಯಾಣದಿಂದ ಮೃಣಾಲ್ ಎಂಬ ಹುಡುಗಿ ಬರುತ್ತಿದ್ದಳು, ಮಾತು ಕಲಿಸುವ ಥೆರಪಿಯವಳು. ಪಾಪ, ಚಿನ್ನದಂಥ ಹುಡುಗಿ. ಮೊದಲ ದಿನವೇ, "ಕಾಕೂ, ಕಾಕಾಂಚೀ ಭಾಷಾ ಕೋಣತೀ?" ಎಂದು ಇವರ ಭಾಷೆ ಯಾವುದೆಂದು ಕೇಳಿದಳು. ನಾನು ಯೋಚನೆಗೆ ಬಿದ್ದೆ. ಮನೆಯಲ್ಲಿ ತುಳು, ಸಂಘದಲ್ಲಿ ಕನ್ನಡ, ಮಗಳ ಹತ್ತಿರ ಹಿಂದಿ, ತರಕಾರಿಯವಳ ಹತ್ತಿರ ಮರಾಠಿ. ಮಾತು ಸಿಕ್ಕಿಹಾಕಿಕೊಂಡದ್ದು ಇವುಗಳಲ್ಲಿ ಯಾವ ಬಾಗಿಲಲ್ಲಿ ಎಂದು ಯಾರಿಗೆ ಗೊತ್ತು! ಅವಳು ಚಿತ್ರದ ಕಾರ್ಡು ತೋರಿಸುವಳು. ಕೊಡೆ, ಬೆಕ್ಕು, ಬಾಳೆಹಣ್ಣು. ಇವರು ಬಾಳೆಹಣ್ಣನ್ನು ನೋಡಿ "ಆವು ಆವು" ಎಂದು, ಕಾರ್ಡನ್ನು ಮಗುಚಿ ಇಟ್ಟು ಕಿಟಕಿಯ ಕಡೆ ತಿರುಗುವರು. ಅರವತ್ತರ ಮನುಷ್ಯನಿಗೆ ಬೆಕ್ಕು ತೋರಿಸಿ ಇದೇನು ಎಂದು ಕೇಳಿದರೆ ಮರ್ಯಾದೆಗೆ ಪೆಟ್ಟಾಗದೆ ಇರುತ್ತದೆಯೇ?

ಬೆರಳಿಗೆ ಅವಳು ಕೊಟ್ಟ ವ್ಯಾಯಾಮ ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಬಟಾಣಿ ಹೆಕ್ಕಿ ಹಾಕುವುದು. ಅದನ್ನು ನೋಡುವಾಗ ನನಗೆ ನಮ್ಮ ಅಜ್ಜಿಯ ಚೆನ್ನೆಮಣೆ ನೆನಪಾಗುತ್ತಿತ್ತು. ಮಳೆಗಾಲದ ಆಟಿ ತಿಂಗಳಲ್ಲಿ ಮಾತ್ರ ಅದು ಅಟ್ಟದಿಂದ ಇಳಿಯುವುದು. ಮಣೆಯ ಗುಳಿಗಳಿಗೆ ಕೆಂಪು ಬೀಜ ಹಂಚಿಕೊಂಡು ಹೋಗುವ ಆಟ. ಅಕ್ಕತಂಗಿಯರು ಎದುರುಬದುರು ಕೂತು ಆಡಬಾರದು ಎಂಬ ನಿಯಮ ಬೇರೆ, ಜಗಳವಾಗುತ್ತದಂತೆ. ನಾನೂ ಅಕ್ಕನೂ ಅಜ್ಜಿಯ ಕಣ್ಣು ತಪ್ಪಿಸಿ ಆಡಿ, ನಿಯಮ ಸುಳ್ಳಾಗಬಾರದೆಂದು ಜುಟ್ಟು ಹಿಡಿದುಕೊಂಡು ಜಗಳವನ್ನೂ ಮಾಡುತ್ತಿದ್ದೆವು. ಆಟಿ ಮುಗಿಯಿತೋ, ಮಣೆ ವಾಪಸು ಅಟ್ಟಕ್ಕೆ. "ವರ್ಷವಿಡೀ ಆಡಿದರೆ ಮನೆಗೆ ಒಳ್ಳೆಯದಲ್ಲ ಮಗಾ," ಎನ್ನುತ್ತಿದ್ದಳು ಅಜ್ಜಿ. ನಾನು ಈಗ ವರ್ಷವಿಡೀ ಆಡಿದ್ದನ್ನು ನೋಡಿದ್ದರೆ ಏನು ಹೇಳುತ್ತಿದ್ದಳೋ.

ಬಟಾಣಿಯನ್ನೂ ಇವರು ಮುಟ್ಟಲಿಲ್ಲ. ಆಗ ಶ್ರಾವ್ಯ ಆಫೀಸಿನ ಗೆಳತಿಯೊಬ್ಬಳು ಆಡಿ ಬಿಟ್ಟ ವಿಡಿಯೊ ಗೇಮನ್ನು ಹೊತ್ತುಕೊಂಡು ಬಂದಳು. ಅವಳ ಆಫೀಸು ಘಣಸೋಲಿಯಲ್ಲಿ. ಹುಟ್ಟಿದ್ದು ಬೆಳೆದದ್ದು ಇಲ್ಲೇ, ನಾವು ತುಳುವಿನಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವ ಜಾತಿ. "ಪಪ್ಪಾ ಕೇ ಹಾಥ್ ಕೇ ಲಿಯೇ ಅಚ್ಛಾ ಹೈ," ಎಂದಳು. ಜೊತೆಗೆ ಎರಡು ರಿಮೋಟು. ಒಂದರ ಬೆನ್ನಿಗೆ ಕಪ್ಪು ಟೇಪು ಸುತ್ತಿತ್ತು, ಅದನ್ನು ಇವರು ಹಿಡಿದುಕೊಂಡರು. "ಅಮ್ಮಾ, ರಿಮೋಟ್ ನಹೀ, ಕಂಟ್ರೋಲರ್ ಬೋಲೋ," ಎಂದು ಅವಳು ಇವತ್ತಿಗೂ ತಿದ್ದುತ್ತಾಳೆ. ಟಿವಿಯನ್ನು ಆಡಿಸುವುದಕ್ಕೆ ರಿಮೋಟು ಎನ್ನದೆ ಇನ್ನೇನು ಎನ್ನಬೇಕು?

ಈಗ ಪಾಟೀಲರಿಗೆ ಬೇಕಾದ ವಿಮರ್ಶೆ. ಮೊದಲನೆಯದು ಕಾರಿನ ರೇಸು. ಇವರು ಜೀವಮಾನದಲ್ಲಿ ಕಾರು ಹಿಡಿದವರಲ್ಲ, ಸ್ಕೂಟರಿನಲ್ಲಿ ಮಾರ್ಕೆಟ್ಟಿನಿಂದ ಕೊತ್ತಂಬರಿ ಕಟ್ಟು ತಂದವರು. ಹಿಂದಿನಿಂದ ಯಾರಾದರೂ ಬಂದರೆ ಬದಿಗೆ ತೆಗೆದು ದಾರಿ ಬಿಟ್ಟುಕೊಡುವರು, ಎಡಗೈ ಎತ್ತಿ 'ಹೋಗು' ಎಂದು ಸನ್ನೆ ಬೇರೆ. ಎಲ್ಲರೂ ಹೋದ ಮೇಲೆ ನಿಧಾನಕ್ಕೆ ತಾವು ಹೋಗುವರು. ಕೊನೆಯ ಸ್ಥಾನ ಒಂದು ಸಲವೂ ತಪ್ಪಲಿಲ್ಲ.

ಎರಡನೆಯದು ರೈಲು ಓಡಿಸುವ ಆಟ. ಇದು ನಮಗೆ ಸುಲಭವಾಗಬೇಕಿತ್ತು. ಆದರೆ ಆ ಊರಿನ ಜನ ನೋಡಿ, ಇಳಿಯುವವರು ಇಳಿದ ಮೇಲೆ ಸಾಲಾಗಿ ಹತ್ತುತ್ತಾರೆ! ಬಾಗಿಲಲ್ಲಿ ಒಬ್ಬನೂ ನೇತಾಡುವುದಿಲ್ಲ. ಡೊಂಬಿವಲಿಯವರಾದ ನಾವು ಸೀಟು ಬೇಕಾದರೆ ಮೊದಲು ಉಲ್ಟಾ ಕಲ್ಯಾಣಕ್ಕೆ ಹೋಗಿ, ಅದೇ ಗಾಡಿಯಲ್ಲಿ ಕೂತುಕೊಂಡೇ ಮುಂಬಯಿ ಕಡೆಗೆ ಬರುವವರು. ಈ ಆಟದಲ್ಲಿ ಯಾರೂ ಉಲ್ಟಾ ಹೋಗುವುದಿಲ್ಲ. ಅಂಥ ರೈಲನ್ನು ಓಡಿಸಿ ಎಂತ ಸುಖ ಎಂದು ಎರಡೇ ದಿನಕ್ಕೆ ಬಿಟ್ಟೆವು.

ಮೂರನೆಯದು ನನ್ನ ಖಾಸಗಿ ಚಟ. ಮೊಬೈಲಿನಲ್ಲಿ ಹೊಲ ಮಾಡುವುದು, ಬದನೆ ನೆಡುವುದು, ಕೋಳಿ ಸಾಕುವುದು. ನನ್ನ ಕೋಳಿಗಳಿಗೆ ಆಫೀಸಿನ ಸಾಹೇಬರುಗಳ ಹೆಸರಿಟ್ಟಿದ್ದೆ. ಮುಂಬ್ರಾದ ಗುಡ್ಡದ ಹತ್ತಿರ ನೆಟ್‌ವರ್ಕ್ ಹೋದಾಗ ಎಲ್ಲ ಸಾಹೇಬರೂ ಒಂದು ಕಾಲೆತ್ತಿಕೊಂಡು ಹಾಗೇ ನಿಲ್ಲುವರು. ಎಷ್ಟು ಸಮಾಧಾನ ಗೊತ್ತುಂಟಾ! ಆ ದಿನಗಳಲ್ಲಿ ಮನೆಗೆ ಹೋಗುವ ದಾರಿಯಲ್ಲಿ ಬೇರೆ ಏನನ್ನೂ ಯೋಚನೆ ಮಾಡದೆ ಇರಲಿಕ್ಕೆ ನನಗೆ ಆ ಕೋಳಿಗಳೇ ದಿಕ್ಕಾಗಿದ್ದವು.

ನಾಲ್ಕನೆಯದು ಹೋಟೆಲಿನ ಆಟ. ಇಬ್ಬರು ಕೂಡಿ ಆಡಬೇಕು. ಒಬ್ಬರು ಹೆಚ್ಚಿ ಬೇಯಿಸುವುದು, ಇನ್ನೊಬ್ಬರು ಗಿರಾಕಿಗೆ ತಲುಪಿಸಿ ತಟ್ಟೆ ತೊಳೆಯುವುದು. ಶ್ರಾವ್ಯ ಅದನ್ನು ಹಾಕಿದ್ದೇ ತಡ, ಒರಗಿ ಕೂತಿದ್ದ ಇವರು ನೆಟ್ಟಗೆ ಕೂತರು. ಮೊದಲ ದಿನವೇ ಆಟಕ್ಕೂ ಇವರಿಗೂ ಜಗಳ. ಆ ಆಟದಲ್ಲಿ ಒಬ್ಬ ಗಿರಾಕಿಗೆ ಒಂದು ಟೇಬಲ್. ನಾಲ್ಕು ಕುರ್ಚಿಯ ಟೇಬಲಿನಲ್ಲಿ ಒಬ್ಬನೇ ಕೂತು ಸೂಪು ಕುಡಿಯುತ್ತಿದ್ದಾನೆ, ಹೊರಗೆ ಜನ ಸಾಲು ನಿಂತಿದ್ದಾರೆ. ನಮ್ಮ ಹೋಟೆಲುಗಳಲ್ಲಿ ಇದನ್ನು ಯಾರಾದರೂ ಸಹಿಸುತ್ತಾರೆಯೇ? ಇವರು ಎರಡನೆಯವನನ್ನು ಒಯ್ದೊಯ್ದು ಅದೇ ಟೇಬಲಿನ ಎದುರು ಕುರ್ಚಿಗೆ ಕೂರಿಸಲು ನೋಡುವರು. ಆಟ ಒಪ್ಪದು. ಪುನಃ ಒಯ್ಯುವರು. ಅಷ್ಟರಲ್ಲಿ ಗಿರಾಕಿಗೆ ಸಿಟ್ಟು ಬಂದು ಹೊರಟುಹೋಗುವನು. ಇನ್ನು ನೀರು. ಗಿರಾಕಿ ಕೂತ ಕೂಡಲೇ ಮುಂದೆ ನೀರಿನ ಲೋಟ ಇಡಬೇಕು, ಆಮೇಲೆ ಆರ್ಡರ್. ಆಟದಲ್ಲಿ ನೀರೇ ಇಲ್ಲ! ಇವರು ಇಡೀ ಅಡುಗೆಮನೆ ಸುತ್ತಿ ಹುಡುಕಿದರು. ಸಿಗಲಿಲ್ಲ. ರಿಮೋಟು ಕೆಳಗಿಟ್ಟು ನನ್ನ ಮುಖ ನೋಡಿ, ಇದೂ ಒಂದು ಹೋಟೆಲಾ ಎಂಬಂತೆ ಕೈ ಕೊಡವಿದರು. ಅಷ್ಟು ತಿಂಗಳಲ್ಲಿ ಮೊದಲ ಸಲ ನನಗೆ ನನ್ನ ಗಂಡ ಕಂಡರು.

ಅಂದಿನಿಂದ ದಿನಾ ಸಂಜೆ ನಾವಿಬ್ಬರೂ ಹೋಟೆಲು ತೆರೆದೆವು. ಒಂದು ಭಾನುವಾರ ಮಧ್ಯಾಹ್ನ, ಊಟ ಮುಗಿಸಿ ಕೂತಿದ್ದೆವು. ಒಲೆ ನನ್ನದು. ಗಿರಾಕಿಗಳ ಆರ್ಡರು ಟಿವಿಯ ಮೇಲ್ಗಡೆ ಸಣ್ಣ ಸಣ್ಣ ಚಿತ್ರವಾಗಿ ಬರುತ್ತದೆ. ಹತ್ತಿರದ ಕನ್ನಡಕ ಹಾಕಿದರೆ ಟಿವಿ ಮಂಜು, ದೂರದ್ದು ಹಾಕಿದರೆ ಕೈಯಲ್ಲಿರುವ ಗುಂಡಿ ಕಾಣದು. ಒಂದು ಪಾತ್ರೆ ಉಕ್ಕುತ್ತಿತ್ತು, ಇನ್ನೊಂದು ಸೀಯುತ್ತಿತ್ತು, ಗಿರಾಕಿಗಳು ಕೆಂಪಗಾಗುತ್ತಿದ್ದರು. ತಲೆಕೆಟ್ಟು, "ಎಂತ ಬೇಕಂತೆ ಅವರಿಗೆ? ಬೇಗ ಹೇಳಿ ಮಾರಾಯ್ರೇ!" ಎಂದು ಕಿರುಚಿದೆ. ಇವರಿಗೆ ಮಾತು ಬರುವುದಿಲ್ಲ ಎಂಬುದು ಆ ಗಡಿಬಿಡಿಯಲ್ಲಿ ನನಗೆ ಮರೆತೇ ಹೋಗಿತ್ತು.

"ಏಕ್ ಸೂಪ್! ದೋ ಸಲಾಡ್, ಟಮಾಟರ್ ಅಲಗ್! ಲಾ...ವ್!"

ಕೂಗಿದ್ದು ಇವರೇ. ಅದೇ ಸ್ವರ, ಅದೇ ಎಳೆತ. ಕಪಾಟಿನ ಗಾಜು ಅದುರಿತು. ನಾನು ಸೂಪು ಬೇಯಿಸಲಿಲ್ಲ.  ಬಟ್ಟೆ ಒಣಹಾಕುತ್ತಿದ್ದ ಶ್ರಾವ್ಯ ಒದ್ದೆ ಟವೆಲು ಹಿಡಿದುಕೊಂಡೇ ಓಡಿ ಬಂದು ಬಾಗಿಲಲ್ಲಿ ನಿಂತಳು. "ಪಪ್ಪಾ?" ಎಂದಳು. ಇವರು ನಮ್ಮಿಬ್ಬರನ್ನೂ ನೋಡಲಿಲ್ಲ, ಟಿವಿಯನ್ನೇ ನೋಡುತ್ತಿದ್ದರು. "ಏಕ್ ಸೂಪ್! ಜಲ್ದೀ!" ಎಂದು ನನಗೇ ಗದರಿದರು. ಟಿವಿಯಲ್ಲಿ ಹೋಟೆಲಿಗೆ ಬೆಂಕಿ ಬಿದ್ದು ಆಟ ಮುಗಿಯಿತು. ನಾವು ಸೋತೆವು. ನಾನು ಇವರ ಹೆಗಲಿಗೆ ತಲೆಯಿಟ್ಟು ಅತ್ತದ್ದನ್ನು ಮಗಳು ನೋಡಿದಳು, ನೋಡಲಿ ಬಿಡಿ.

ಮೃಣಾಲಳಿಗೆ ಫೋನು ಮಾಡಿದರೆ ಅವಳು ಆ ಕಡೆಯಿಂದ ಚೀರಿದಳು. ಸಾವಿರ ಸಲ ಹೇಳಿ ಹೇಳಿ ರೂಢಿಯಾದ ಮಾತುಗಳು ಕೆಲವರಲ್ಲಿ ಹೀಗೆ ಮೊದಲು ಎದ್ದು ಬರುತ್ತವಂತೆ, ಹಾಡಿನ ಹಾಗೆ. "ಕಾಕೂ, ಬೆಕ್ಕು ಬಾಳೆಹಣ್ಣು ಸಾಕು, ಇನ್ನು ಹೋಟೆಲಿನಿಂದಲೇ ಹೋಗುವ," ಎಂದಳು ಮರಾಠಿಯಲ್ಲಿ. ಅಂದಿನಿಂದ ನಮ್ಮ ಮನೆಯೇ ಹೋಟೆಲಾಯಿತು. ನಾನು ಅಡುಗೆಮನೆಯಿಂದ "ಎಂತ ಬೇಕಂತೆ?" ಎನ್ನಬೇಕು, ಇವರು "ಏಕ್ ಚಾಯ್, ಕಡಕ್!" ಎನ್ನಬೇಕು. ಆರ್ಡರಿನ ಬಾಲ ಹಿಡಿದುಕೊಂಡು ಒಂದೊಂದೇ ಬೇರೆ ಮಾತೂ ಬಂತು. ನೀರು. ಬಿಸಿ. ಸಾಕು. ಶ್ರಾವ್ಯ. ನನ್ನ ಹೆಸರು ಬರಲಿಲ್ಲ, ಆದರೆ ಅದು ಮೊದಲೂ ಅವರ ಬಾಯಲ್ಲಿ ಬಂದದ್ದಿಲ್ಲ, ನಮ್ಮ ಕಾಲದವರು ಹೆಂಡತಿಯನ್ನು "ಏಯ್, ಇಲ್ಲಿ ಕೇಳು" ಎಂದೇ ಕರೆಯುವವರು.

ಒಂದೇ ತೊಂದರೆ. ಟೇಪು ಸುತ್ತಿದ ರಿಮೋಟು ಕೈಯಲ್ಲಿರಬೇಕು. ಇಲ್ಲದಿದ್ದರೆ ಪುನಃ ಆವು ಆವು. ನನ್ನ ರಿಮೋಟನ್ನು ಕೊಟ್ಟು ನೋಡಿದೆ, ಆಗಲಿಲ್ಲ. "ಅದೊಂದು ಧೈರ್ಯ ಅಷ್ಟೇ, ಬಿಡುತ್ತದೆ," ಎಂದಳು ಮೃಣಾಲ್. ಬಿಡಲಿಲ್ಲ. ಊಟಕ್ಕೆ ಕೂತರೆ ತಟ್ಟೆಯ ಪಕ್ಕ ರಿಮೋಟು. ವಾಕಿಂಗ್ ಹೋದರೆ ಕೈಯಲ್ಲಿ ರಿಮೋಟು. ಮಾರ್ಕೆಟ್ಟಿನಲ್ಲಿ ತರಕಾರಿಯವಳ ಮುಂದೆ ನಿಂತು, ರಿಮೋಟಿನ ಗುಂಡಿ ಒತ್ತಿ, "ಆಧಾ ಕಿಲೋ ಭೇಂಡೀ, ಲಾವ್!" ಎನ್ನುವರು. ಅವಳು ಬೆಂಡೆಕಾಯಿ ತೂಗುತ್ತ ತನ್ನನ್ನು ಯಾರು ಎಲ್ಲಿಂದ ಆಡಿಸುತ್ತಿದ್ದಾರೆ ಎಂದು ಹಿಂದೆಮುಂದೆ ನೋಡಿಕೊಂಡಳು. ಆ ರಿಮೋಟಿಗೆ ನಾನು ಮೂರು ಬೆರಳಿನ ತುಂಬ ಕುಂಕುಮ ಹಚ್ಚಿದ್ದು ಯಾಕೆಂದು ಈಗ ತಿಳಿಯಿತಲ್ಲ?

ಈಗ ಪುನಃ ಠಾಣೆಯ ಅಂಗಡಿಗೆ ಬನ್ನಿ. ರಿಮೋಟನ್ನು ಅಲ್ಲಿ ಬಿಟ್ಟು ಬಂದ ದಿನಗಳಲ್ಲಿ ಮನೆ ಪುನಃ ಮೌನವಾಯಿತು. ಇವರು ಖಾಲಿ ಅಂಗೈ ನೋಡಿಕೊಳ್ಳುವರು, ನಾನು ಕೇಳಿದ್ದಕ್ಕೆಲ್ಲ ಆವು ಆವು ಎನ್ನುವರು. ನನ್ನ ಮೇಲೆ ಸಿಟ್ಟೂ ಇರಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾದದ್ದು. ಬಂದದ್ದೆಲ್ಲ ಹೋಯಿತು ಎಂದೇ ನಾನು ಲೆಕ್ಕ ಹಾಕಿದೆ. ರೈಲಿನಲ್ಲಿ ಕೋಳಿಗಳ ಮುಖವನ್ನೂ ನೋಡಲಿಲ್ಲ.

ಹೇಳಿದ ದಿನ ಆಫೀಸಿನಿಂದ ಬೇಗ ಹೊರಟು ಅಂಗಡಿಗೆ ಹೋದೆ. "ಲೋ ಮೌಶೀ, ಅಬ್ ಪೂಜಾ ಮತ್ ಕರನಾ," ಎಂದು ಕೊಟ್ಟ. ಅದನ್ನು ಸೆರಗಿನಲ್ಲಿ ಒರೆಸಿ ಬ್ಯಾಗಿನ ಒಳಗಿನ ಜಿಪ್ಪಿನಲ್ಲಿ ಹಾಕಿಕೊಂಡು ಪ್ಲ್ಯಾಟ್‌ಫಾರ್ಮಿಗೆ ಬರುವಷ್ಟರಲ್ಲಿ ಪಾಟೀಲರ ಫೋನು. ಈ ಸಲ ತಪ್ಪಿಸಿಕೊಳ್ಳಲಿಕ್ಕೆ ಕುಕ್ಕರೂ ಇರಲಿಲ್ಲ.

"ಏನ್ರೀ ಅಕ್ಕಾರ, ನೀವು ಪುಸ್ತಕಾ ಓದೇ ಇಲ್ಲಂತಲ್ರೀ! ವರ್ಷಪೂರ್ತಿ ಗೇಮ್ ಆಡೀರಂತ. ಮೊಬೈಲ್‌ದಾಗ ಕೋಳಿ ಸಾಕೀರಂತ."

"ಯಾರು ಹೇಳಿದ್ದು ನಿಮಗೆ?"

"ನಿಮ್ ಫೋನ್ ಹತ್ತಲಿಲ್ರೀ, ಅದಕ್ಕ ಮನ್ಯಾಗ ಶೀನಣ್ಣಾರ ನಂಬರಿಗೆ ಹಚ್ಚಿದೆ. ಮಗಳು ತಗೋತಾಳ ಅಂದ್ಕೊಂಡಿದ್ದೆ. ಅವರಽ ತಗೊಂಡ್ರು."

ಗಾಡಿ ಬಂದು ನಿಂತಿತು. ನಾನು ಹತ್ತಲಿಲ್ಲ. "ಅವರು... ಎಂತ ಹೇಳಿದ್ರು? ಅವರು ಹೇಳಿದ ಹಾಗೆಯೇ ಹೇಳಿ ಪಾಟೀಲರೇ."

ಪಾಟೀಲರ ಧ್ವನಿ ಮೆತ್ತಗಾಯಿತು. "ನಿಧಾನಕ್ಕ ಹೇಳಿದ್ರು ಅಕ್ಕಾರ, ಒಂದೊಂದಽ ಮಾತು. 'ಪುಸ್ತಕ... ಇಲ್ಲ. ಗೇಮ್. ಬರೀ ಗೇಮ್. ಕೋಳಿ. ದಿನಾ... ಸೋಲ್ತಾಳೆ.' ಕನ್ನಡದಾಗಽ ಹೇಳಿದ್ರು. ಆಮ್ಯಾಲೆ ನಕ್ರು. ನನಗ ಕಣ್ಣಾಗ ನೀರು ಬಂತ್ ನೋಡ್ರಿ. ಹಂಗಾರ ಆ ಆಟದ್ದೇ ಬರೀರಿ."

ನಾನು ಬ್ಯಾಗಿಗೆ ಕೈ ಹಾಕಿ ಜಿಪ್ಪಿನ ಮೇಲಿಂದ ತಡವಿ ನೋಡಿದೆ. ರಿಮೋಟು ಅಲ್ಲೇ ಇತ್ತು, ನನ್ನ ಹತ್ತಿರ. ಮನೆಯಲ್ಲಿ ಇವರ ಕೈ ಖಾಲಿ. ಅದೂ ಫೋನಿನಲ್ಲಿ! ಎದುರಿನವರ ಮುಖ ಕಾಣದ ಫೋನಿನಲ್ಲಿ ಮಾತಾಡುವುದು ಎಲ್ಲಕ್ಕಿಂತ ಕಷ್ಟ, ಅದು ಕೊನೆಗೆ ಬರುವುದು ಎಂದು ಮೃಣಾಲ್ ಹೇಳಿದ್ದಳು. ಅಬ್ಬಾ ದೇವರೇ. ಆ ಸಂಜೆಯ ರಶ್ಶಿನಲ್ಲಿ, ಅಷ್ಟು ಜನರ ಮೊಣಕೈ ತಿನ್ನುತ್ತ, ಡೊಂಬಿವಲಿಯವರೆಗೆ ನಿಂತುಕೊಂಡೇ ಹೋದೆ. ಒಂದು ವರ್ಷದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಯಾವ ಸ್ಟೇಷನ್ನಿನಲ್ಲಿ ಇಳಿದುಹೋಯಿತೋ ಗೊತ್ತಾಗಲಿಲ್ಲ.

ಮನೆಗೆ ಬಂದರೆ ಇವರು ಮೇಜಿನ ಮುಂದೆ ಕೂತು, ಯಾರೂ ಹೇಳದೆ, ಬಲಗೈಯಲ್ಲಿ ಬಟಾಣಿ ಸುಲಿಯುತ್ತಿದ್ದರು. ನಾನು ಚಪ್ಪಲಿಯನ್ನೂ ಬಿಡದೆ ಸೊಂಟಕ್ಕೆ ಕೈಕೊಟ್ಟು ನಿಂತೆ.

"ಪಾಟೀಲರ ಹತ್ತಿರ ನನ್ನ ಮಾನ ತೆಗೆದಿರಲ್ಲ ನೀವು! ಓದುಗಾರ್ತಿ ಎಂದು ಒಂದು ಹೆಸರಿತ್ತು ನನಗೆ ಊರಲ್ಲಿ!"

ಆವು ಆವು ಎನ್ನುತ್ತಾರೆಂದೇ ಅಂದುಕೊಂಡೆ. ಇವರು ಬಟಾಣಿಯಿಂದ ತಲೆ ಎತ್ತಲಿಲ್ಲ. ತುಟಿ ಒಮ್ಮೆ ತೆರೆಯಿತು, ಮುಚ್ಚಿತು, ಪುನಃ ತೆರೆಯಿತು.

"ಸುಳ್ಳಾ?" ಎಂದರು.

"ಸುಳ್ಳೋ ಸತ್ಯವೋ, ಗಂಡನಾದವ ಹೊರಗಿನವರ ಹತ್ತಿರ ಹೇಳುವ ಮಾತಾ ಅದು?"

"ಹೌದು," ಎಂದರು. ಸ್ವಲ್ಪ ಹೊತ್ತು ಹುಡುಕಿ, "ಸೋಲ್ತೀ. ದಿನಾ," ಎಂದೂ ಸೇರಿಸಿದರು.

ಜಗಳ ಶುರುವಾಯಿತು ಮಾರಾಯ್ರೇ. ನಾನು ಹತ್ತು ಮಾತು ಆಡಿದರೆ ಅವರದ್ದು ಒಂದು, ಆದರೆ ಆ ಒಂದು ಸರಿಯಾಗಿ ನನಗೆ ತಾಗುವಂಥದ್ದು. ಒಳಗಿನಿಂದ ಶ್ರಾವ್ಯ, "ಅರೇ ಯಾರ್, ಬಸ್ ಕರೋ ನಾ ದೋನೋ!" ಎಂದು ಕೂಗಿದಳು. ನಾವು ನಿಲ್ಲಿಸಲಿಲ್ಲ. ಬ್ಯಾಗು ಬಾಗಿಲಲ್ಲೇ ಇತ್ತು, ರಿಮೋಟು ಅದರೊಳಗೇ ಇತ್ತು, ಅದನ್ನು ಹೊರಗೆ ತೆಗೆಯಬೇಕೆಂದು ನಮ್ಮಿಬ್ಬರಿಗೂ ನೆನಪಾಗಲಿಲ್ಲ.